ಹಾವು ಹಿಡಿದವರು, ಮೊಸಳೆ ಮಣಿಸಿದವರು

ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಕರ್ನಾಟಕದಿಂದ ಬರುವ ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿಯ ಮೊಸಳೆ ಬ್ಯಾಂಕಿನ ಮುಂದೆ ತಪ್ಪದೆ ನಿಲ್ಲುತ್ತವೆ. ಮೊಸಳೆಗಳನ್ನು ನೋಡಿ ಮುಗಿಸಿದವರು ಆವರಣದೊಳಗೇ ಇರುವ ಇನ್ನೊಂದು ಜಾಗಕ್ಕೆ ಕಾಲಿಟ್ಟರೆ ಸಾಲುಸಾಲು ಮಣ್ಣಿನ ಮಡಕೆಗಳು ಕಾಣುತ್ತವೆ. ಮಡಕೆಯ ಬಾಯಿಗೆ ಬಟ್ಟೆ ಬಿಗಿದಿರುತ್ತದೆ, ಒಳಗೆ ಒಂದಿಷ್ಟು ಮರಳು, ಮರಳಿನ ಮೇಲೆ ನಾಗರಹಾವೋ ಕೊಳಕುಮಂಡಲವೋ ಸುರುಳಿ ಸುತ್ತಿಕೊಂಡಿರುತ್ತದೆ. ಹಾಸನದ ತೋಟದಲ್ಲಿಯೋ ರಾಯಚೂರಿನ ಭತ್ತದ ಗದ್ದೆಯಲ್ಲಿಯೋ ಹಾವು ಕಚ್ಚಿಸಿಕೊಂಡವರ ರಕ್ತನಾಳಕ್ಕೆ ಆಸ್ಪತ್ರೆಯಲ್ಲಿ ಹರಿಸುವ ಮದ್ದಿನ ಮೂಲ ಬಹುಮಟ್ಟಿಗೆ ಈ ಮಡಕೆಗಳೇ. ದೇಶದಲ್ಲಿ ಪ್ರತಿವಿಷ ತಯಾರಿಕೆಗೆ ಬಳಕೆಯಾಗುವ ಹಾವಿನ ವಿಷದಲ್ಲಿ ಶೇ 80ರಷ್ಟು ಇಲ್ಲಿಂದಲೇ ಹೋಗುತ್ತದೆ ಎಂಬ ಅಂದಾಜಿದೆ.

ಈ ವಿಷ ಕೇಂದ್ರವನ್ನು ನಡೆಸುವುದು ಇರುಳರು ಎಂಬ ಬುಡಕಟ್ಟಿನವರ ಸಂಘ. ಸಂಘದ ಪೂರ್ಣ ಹೆಸರು ಇರುಳ ಹಾವು ಹಿಡಿಯುವವರ ಕೈಗಾರಿಕಾ ಸಹಕಾರ ಸಂಘ. ಹುಟ್ಟಿದ್ದು 1978ರಲ್ಲಿ. ಸುಮಾರು 350 ಸದಸ್ಯರಿದ್ದಾರೆ, ಅವರಲ್ಲಿ ಹೆಂಗಸರೂ ಇದ್ದಾರೆ.

ಅದಕ್ಕೆ ಮುಂಚೆ ಇರುಳರು ಹಾವು ಹಿಡಿಯುತ್ತಿದ್ದುದು ಚರ್ಮಕ್ಕಾಗಿ. ಚೆಂಗಲ್ಪಟ್ಟು, ತಿರುವಳ್ಳೂರು ಬಯಲಿನ ಕುರುಚಲು ಕಾಡಿನಲ್ಲಿ ಜೇನು, ಗೆಡ್ಡೆ, ಔಷಧಿ ಸೊಪ್ಪು, ಮಳೆ ಬಿದ್ದಾಗ ಏಳುವ ಈಸಲು ಹುಳ, ಇಲಿ ಮತ್ತು ಇಲಿಬಿಲದಲ್ಲಿ ಸೇರಿಕೊಂಡ ಭತ್ತ, ಇವುಗಳಿಂದ ಬದುಕುತ್ತಿದ್ದ ಜನ ಅವರು. ಯುರೋಪಿನಲ್ಲಿ ಹಾವಿನ ಚರ್ಮದ ಚೀಲ, ಬೂಟು, ಬೆಲ್ಟುಗಳ ಗೀಳು ಹೆಚ್ಚಿದಂತೆ ಮದ್ರಾಸಿನ ಚರ್ಮದ ವ್ಯಾಪಾರಿಗಳು ಇವರನ್ನು ಹುಡುಕಿಕೊಂಡು ಬಂದರು. ಹಾವಿನ ಚರ್ಮ ಲಕ್ಷಗಟ್ಟಲೆ ಹಡಗು ಹತ್ತಿತು. ಹಿಡಿದವನಿಗೆ ಸಿಕ್ಕಿದ್ದು ಪುಡಿಗಾಸು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಷೇಧವಾಯಿತು. ಹಾವುಗಳಿಗೆ ಒಳ್ಳೆಯದಾಯಿತು. ಇರುಳರ ಒಲೆಯ ಮೇಲಿನ ಪಾತ್ರೆ ಖಾಲಿಯಾಯಿತು. ಕಾಯ್ದೆ ಬರೆದವರು ಆ ಪಾತ್ರೆಯ ಬಗ್ಗೆ ಯೋಚಿಸಿದ ಕುರುಹು ಕಾಣುವುದಿಲ್ಲ.

ಆಗ ಮದ್ರಾಸಿನಲ್ಲಿ ರೋಮುಲಸ್ ವಿಟೇಕರ್ ಇದ್ದರು. ಹಾವುಗಳ ಹಿಂದೆ ಬಿದ್ದ ಈ ಮನುಷ್ಯ 1972ರಲ್ಲಿ ಗಿಂಡಿಯಲ್ಲಿ ಹಾವಿನ ಪಾರ್ಕು ಮಾಡಿದವರು, 1976ರಲ್ಲಿ ಮೊಸಳೆ ಬ್ಯಾಂಕು ಕಟ್ಟಿದವರು, ಮುಂದೆ ನಮ್ಮ ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನಕ್ಕೆ ಮಳೆಕಾಡು ಸಂಶೋಧನಾ ಕೇಂದ್ರ ತೆರೆದವರು. ಇರುಳರೊಂದಿಗೆ ಅಲೆದು, ನೆಲ ಓದುವುದನ್ನು ಅವರಿಂದಲೇ ಕಲಿತಿದ್ದರು. ವಿಷ ತೆಗೆಯುವ ಕೆಲಸವನ್ನು ವಿಟೇಕರ್ ನೋಡಿ ಕಲಿತದ್ದು 1960ರ ದಶಕದಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ, ಬಿಲ್ ಹಾಸ್ಟ್ ಎಂಬವರ ಮಯಾಮಿ ಸರ್ಪಾಲಯದಲ್ಲಿ. ಹಾವನ್ನು ಕೊಲ್ಲದೆ ಅದರಿಂದ ಸಂಪಾದಿಸಬಹುದು ಎಂಬ ಲೆಕ್ಕ ಹೀಗೆ ಫ್ಲಾರಿಡಾದಿಂದ ಮದ್ರಾಸಿಗೆ ಬಂತು. ಹಿಡಿಯುವ ಕೈಗಳು ಇಲ್ಲಿ ಸಿದ್ಧವಾಗಿಯೇ ಇದ್ದವು.

ಕ್ರಮ ಸರಳ. ಅರಣ್ಯ ಇಲಾಖೆ ಪರವಾನಗಿ ಕೊಟ್ಟಷ್ಟೇ ಹಾವು ಹಿಡಿಯಬೇಕು, ಅದೂ ನಾಲ್ಕು ಜಾತಿಯವು ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೂರು ನಾಲ್ಕು ವಾರ ಮಡಕೆಯಲ್ಲಿಟ್ಟು ವಾರಕ್ಕೊಮ್ಮೆಯಂತೆ ವಿಷ ತೆಗೆಯುತ್ತಾರೆ. ಹೊಟ್ಟೆಯ ಹುರುಪೆಯನ್ನು ಗುರುತಿಗಾಗಿ ಚೂರು ಕತ್ತರಿಸಿ ಮತ್ತೆ ಕಾಡಿಗೆ ಬಿಡುತ್ತಾರೆ. ಅದೇ ಹಾವು ಬೇಗನೆ ಮತ್ತೆ ಸಿಕ್ಕಿದರೆ ಗುರುತು ಹತ್ತುತ್ತದೆ, ಬಿಟ್ಟುಬಿಡುತ್ತಾರೆ. ಒಣಗಿಸಿ ಪುಡಿಯಾದ ವಿಷ ಪುಣೆ, ಹೈದರಾಬಾದು, ಮುಂಬೈಗಳ ಕಂಪನಿಗಳಿಗೆ ಹೋಗುತ್ತದೆ. ಅಲ್ಲಿ ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ರೋಗನಿರೋಧಕದಿಂದ ಪ್ರತಿವಿಷ ತಯಾರಾಗುತ್ತದೆ.

ಇನ್ನು 2017ರ ಜನವರಿಗೆ ಬರೋಣ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗು ಪ್ರದೇಶವನ್ನು ಬರ್ಮಾ ಹೆಬ್ಬಾವುಗಳು ತಿಂದುಹಾಕುತ್ತಿದ್ದವು. ಶೋಕಿಗೆ ಸಾಕಿದವರು ಬಿಟ್ಟ ಹಾವುಗಳ ಸಂತತಿ ಅದು. ಮೊಲ, ರಕೂನ್, ಜಿಂಕೆ ಯಾವುದನ್ನೂ ಉಳಿಸುತ್ತಿರಲಿಲ್ಲ. ಹಿಂದಿನ ವರ್ಷ ಅಲ್ಲಿಯ ಸರ್ಕಾರ ಬಹುಮಾನ ಇಟ್ಟು ಸ್ಪರ್ಧೆ ನಡೆಸಿದಾಗ ಸಾವಿರಕ್ಕೂ ಹೆಚ್ಚು ಜನ ಸೇರಿ ತಿಂಗಳಿಡೀ ಹುಡುಕಿ ಹಿಡಿದದ್ದು 106. ಕೊನೆಗೆ ಫ್ಲಾರಿಡಾ ವಿಶ್ವವಿದ್ಯಾಲಯ ಮತ್ತು ಅಲ್ಲಿಯ ವನ್ಯಜೀವಿ ಆಯೋಗ 68,888 ಡಾಲರ್ ವೆಚ್ಚದಲ್ಲಿ ಚೆನ್ನೈ ಕಡೆಯ ಇಬ್ಬರು ಇರುಳರನ್ನು ಕರೆಸಿಕೊಂಡವು: ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ಜೊತೆಗೆ ತಮಿಳು ತಿಳಿದ ಇಬ್ಬರು ದುಭಾಷಿಗಳು. ಅಲ್ಲಿಯ ಬೇಟೆಗಾರರು ಏರಿಗಳ ಮೇಲೆ ನಿಧಾನಕ್ಕೆ ಗಾಡಿ ಓಡಿಸುತ್ತ, ರಸ್ತೆಗೆ ಬಂದ ಹಾವು ಕಾಣುತ್ತದೆಯೇ ಎಂದು ನೋಡುವವರು. ಇವರು ನೇರ ಪೊದೆಗೆ ನುಗ್ಗಿದರು. ಹಿಕ್ಕೆ, ಬಿಟ್ಟ ಪೊರೆ, ಹುಲ್ಲು ಮಲಗಿದ ಬಗೆ ನೋಡಿಕೊಂಡು ನಡೆದರು. ಕೈಯಲ್ಲಿ ಒಂದು ಕಬ್ಬಿಣದ ಸಲಾಕೆ. ಮೊದಲ ಎರಡು ವಾರದೊಳಗೇ 13 ಹೆಬ್ಬಾವು ಸಿಕ್ಕಿದವು. ಅದರಲ್ಲಿ ಒಂದು 16 ಅಡಿಯ ಹೆಣ್ಣು, ಕೀ ಲಾರ್ಗೋ ದ್ವೀಪದ ಹಳೆಯ ಕ್ಷಿಪಣಿ ನೆಲೆಯ ಪಾಳು ಕಟ್ಟಡದಲ್ಲಿ ಅಡಗಿತ್ತು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಅವರು ಹಾವು ಹುಡುಕಿದ ಆ ಜವುಗು ನಾಡಿನಲ್ಲೂ ಒಂದು ಬುಡಕಟ್ಟು ಇದೆ: ಸೆಮಿನೋಲರು. ಅವರ ಕಥೆಯನ್ನು ಇರುಳರ ಕಥೆಯ ಪಕ್ಕದಲ್ಲಿಟ್ಟರೆ ಅರ್ಧದವರೆಗೆ ಒಂದೇ ಕಥೆ ಎನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸೈನ್ಯ ಸೆಮಿನೋಲರ ಮೇಲೆ ಮೂರು ಯುದ್ಧ ಮಾಡಿತು. ತೋಟಗಳಿಂದ ತಪ್ಪಿಸಿಕೊಂಡು ಬಂದ ಆಫ್ರಿಕನ್ ಗುಲಾಮರಿಗೆ ಇವರು ಆಶ್ರಯ ಕೊಟ್ಟದ್ದು ಆ ಸಿಟ್ಟಿಗೆ ಒಂದು ಕಾರಣ. ಬಹುಪಾಲು ಜನರನ್ನು ಒಕ್ಲಹೋಮಾಕ್ಕೆ ಸಾಗಿಸಿದರು. 1858ರ ಹೊತ್ತಿಗೆ ಕೆಲವು ನೂರು ಜನ ಮಾತ್ರ ಎವರ್‌ಗ್ಲೇಡ್ಸ್‌ನ ನೀರು, ಕೆಸರು, ಸೊಳ್ಳೆಗಳ ನಡುವೆ ಉಳಿದರು. ಶಾಂತಿ ಒಪ್ಪಂದಕ್ಕೆ ಕೊನೆಗೂ ಸಹಿ ಹಾಕಲಿಲ್ಲ. ಹೊಟ್ಟೆಪಾಡಿಗೆ ಅಲಿಗೇಟರ್ ಮೊಸಳೆಯ ಚರ್ಮ, ನೀರುನಾಯಿಯ ತುಪ್ಪಳ, ಬೆಳ್ಳಕ್ಕಿಯ ಗರಿ ಮಾರುತ್ತಿದ್ದರು. ಆ ಗರಿ ನ್ಯೂಯಾರ್ಕಿನ ಹೆಂಗಸರ ಟೋಪಿಗೆ ಹೋಗುತ್ತಿತ್ತು. ಪಕ್ಷಿ ಸಂರಕ್ಷಣೆಯ ಕಾನೂನುಗಳು ಬಂದವು, ಜವುಗನ್ನು ಬತ್ತಿಸಿ ಹೊಲ ಮಾಡುವ ಕಾಲುವೆಗಳೂ ಬಂದವು, ವ್ಯಾಪಾರ ಮುಳುಗಿತು. ಮದ್ರಾಸಿನಲ್ಲಿ 1976ರಲ್ಲಿ ಆದದ್ದು ಇಲ್ಲಿ ಐದಾರು ದಶಕ ಮೊದಲೇ ಆಗಿತ್ತು. ಆಮೇಲೆ ಮಯಾಮಿಯ ಪ್ರವಾಸಿ ತಾಣಗಳಲ್ಲಿ ಕಾಸಿಗಾಗಿ ಮೊಸಳೆಯೊಂದಿಗೆ ಕುಸ್ತಿ ಆಡುವುದು, ಬಣ್ಣಬಣ್ಣದ ತೇಪೆಯ ಅಂಗಿ ಹೊಲಿದು ಮಾರುವುದು ಅವರ ಬದುಕಾಯಿತು. ಆಟ ನೋಡಿದವರು ನಾಣ್ಯ ಎಸೆಯುತ್ತಿದ್ದರು.

ಇಲ್ಲಿಂದ ಮುಂದೆ ದಾರಿಗಳು ಬೇರೆಯಾದವು. 1950ರ ದಶಕದಲ್ಲಿ ಅಮೆರಿಕ ಸರ್ಕಾರ ಬುಡಕಟ್ಟುಗಳ ಮಾನ್ಯತೆಯನ್ನೇ ರದ್ದು ಮಾಡಲು ಹೊರಟಿತು; ಆ ಪಟ್ಟಿಯಲ್ಲಿ ಫ್ಲಾರಿಡಾದ ಸೆಮಿನೋಲರೂ ಇದ್ದರು. ಅವರು ಹೋರಾಡಿ 1957ರಲ್ಲಿ ತಮ್ಮದೇ ಸಂವಿಧಾನ ಬರೆದುಕೊಂಡು ಮಾನ್ಯತೆ ಪಡೆದರು. 1967ರಲ್ಲಿ ಬುಡಕಟ್ಟಿನ ಅಧ್ಯಕ್ಷರಾದ ಬೆಟ್ಟಿ ಮೇ ಜಂಪರ್ ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣುಮಗಳು. 1979ರಲ್ಲಿ, ಅಂದರೆ ವಡನೆಮ್ಮೇಲಿಯ ಸಂಘ ಹುಟ್ಟಿದ ಮರುವರ್ಷ, ಸೆಮಿನೋಲರು ಫ್ಲಾರಿಡಾದ ಹಾಲಿವುಡ್ ಎಂಬ ಊರಿನ ತಮ್ಮ ನೆಲದಲ್ಲಿ ದೊಡ್ಡ ಬಹುಮಾನದ ಬಿಂಗೋ ಆಟ ತೆರೆದರು. ರಾಜ್ಯದ ಕಾನೂನಿನಲ್ಲಿ ಅದು ಅಪರಾಧ. ಪೊಲೀಸ್ ಅಧಿಕಾರಿ ಬಂಧಿಸುತ್ತೇನೆಂದು ಬೆದರಿಸಿದರು. ಬುಡಕಟ್ಟು ಸುಮ್ಮನೆ ಮುಚ್ಚಲಿಲ್ಲ, ನ್ಯಾಯಾಲಯಕ್ಕೆ ಹೋಯಿತು: ಇದು ನಮ್ಮ ನೆಲ, ಇಲ್ಲಿ ರಾಜ್ಯದ ಇಂಥ ನಿಯಮ ನಡೆಯದು. 1981ರಲ್ಲಿ ಗೆದ್ದರು. ಬಿಂಗೋ ಕ್ಯಾಸಿನೊ ಆಯಿತು, ಕ್ಯಾಸಿನೊ ಹೋಟೆಲಾಯಿತು. 2007ರಲ್ಲಿ 96.5 ಕೋಟಿ ಡಾಲರ್ ಕೊಟ್ಟು ಹಾರ್ಡ್ ರಾಕ್ ಕಂಪನಿಯನ್ನೇ ಕೊಂಡರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಗಿಟಾರಿನ ಗುರುತಿನ ಆ ಕೆಫೆಗೆ ಹೋದ ಎಷ್ಟು ಜನರಿಗೆ, ಆ ಹೆಸರಿನ ಒಡೆಯರು ಮೊಸಳೆ ಕುಸ್ತಿಯವರ ಮೊಮ್ಮಕ್ಕಳು ಎಂದು ಗೊತ್ತಿದೆ? ಬಿಂಗೋ ಕಾಲದ ಅಧ್ಯಕ್ಷ ಜೇಮ್ಸ್ ಬಿಲ್ಲಿ ಸ್ವತಃ ಕುಸ್ತಿಪಟು. ಮೊಸಳೆಯ ಬಾಯಿಗೆ ಒಂದು ಬೆರಳು ಕಳೆದುಕೊಂಡವರು.

ಜೂಜನ್ನು ನಾನು ಹೊಗಳುತ್ತಿಲ್ಲ. ಒಕ್ಲಹೋಮಾಕ್ಕೆ ತಳ್ಳಿಸಿಕೊಂಡ ಸೆಮಿನೋಲರಿಗೆ ಈ ಸಿರಿಯಲ್ಲಿ ಪಾಲಿಲ್ಲ ಎಂಬುದೂ ನಿಜ. ನಾನು ನೋಡುವುದು ಬೇರೆ. ಫ್ಲಾರಿಡಾದ ಬುಡಕಟ್ಟಿಗೆ ಹಣ ತಂದದ್ದು ಮೊಸಳೆ ವಿದ್ಯೆ ಅಲ್ಲ, ತನ್ನ ನೆಲದಲ್ಲಿ ಏನು ನಡೆಯಬೇಕೆಂದು ತಾನೇ ತೀರ್ಮಾನಿಸುವ ಹಕ್ಕು. ಇರುಳರಿಗೆ ವಿದ್ಯೆ ಇದೆ. ಅದನ್ನು ಬಳಸಲು ಸಂಘ ಅರಣ್ಯ ಇಲಾಖೆಯ ಅಪ್ಪಣೆ ಬೇಡಬೇಕು, ಇಷ್ಟೇ ಹಾವು, ಇಂಥ ಜಿಲ್ಲೆಯಲ್ಲಿ ಎಂಬ ಮಿತಿಯೊಳಗೆ. ಆದೇಶ ತಡವಾದರೆ ಮಡಕೆಗಳು ಖಾಲಿ, ಕೂಲಿಯೂ ಇಲ್ಲ.

ಇನ್ನೊಂದು ದಾರಿ ಬ್ರೆಜಿಲಿನದು. ಅಲ್ಲಿ ಸಾವೊ ಪಾಲೊದ ಬುಟಾಂಟಾನ್ ಸಂಸ್ಥೆ 1901ರಿಂದ ಇದೆ. ಅದರ ಮೊದಲ ನಿರ್ದೇಶಕರ ಹೆಸರೇ ವಿಟಾಲ್ ಬ್ರೆಜಿಲ್. ಏಷ್ಯಾದ ನಾಗರಹಾವಿನ ವಿಷದಿಂದ ಫ್ರೆಂಚರು ಮಾಡಿದ ಪ್ರತಿವಿಷ ಬ್ರೆಜಿಲಿನ ಹಾವುಗಳ ಕಡಿತಕ್ಕೆ ನಾಟುವುದಿಲ್ಲ, ಆಯಾ ಹಾವಿಗೆ ಆಯಾ ಮದ್ದೇ ಬೇಕು ಎಂದು ತೋರಿಸಿಕೊಟ್ಟವರು ಅವರು. ರೈತರು ಹಾವನ್ನು ಜೀವಂತ ಹಿಡಿದು ಪೆಟ್ಟಿಗೆಯಲ್ಲಿ ರೈಲಿಗೆ ಹಾಕಿ ಕಳಿಸಿದರೆ ಬದಲಿಗೆ ಪ್ರತಿವಿಷದ ಶೀಶೆ ಬರುವಂತೆ ಏರ್ಪಾಡು ಮಾಡಿದರು. ಕೊಡುವ ಕೈಗೇ ಮದ್ದು ಮರಳಿತು. ಇಂದು ಅಲ್ಲಿ ಪ್ರತಿವಿಷ ತಯಾರಿಸುವುದು ಸರ್ಕಾರಿ ಸಂಸ್ಥೆಗಳು, ಕೊಳ್ಳುವುದು ಆರೋಗ್ಯ ಸಚಿವಾಲಯ, ರೋಗಿಗೆ ಅದು ಉಚಿತ. ವರ್ಷಕ್ಕೆ ಸುಮಾರು 30,000 ಜನರಿಗೆ ಹಾವು ಕಚ್ಚುತ್ತದೆ, ಸಾಯುವವರು ನೂರರ ಆಸುಪಾಸು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಜಗತ್ತಿನ ಅತಿ ಚುರುಕು ಹಾವು ಹಿಡಿಯುವವರು ನಮ್ಮಲ್ಲಿದ್ದೂ ಈ ಲೆಕ್ಕ.

ಆದರೆ ನೆಲದ ಹಕ್ಕಿನ ವಿಷಯದಲ್ಲಿ ಬ್ರೆಜಿಲೂ ಹಿಂದುಳಿದದ್ದೇ. ಗುಲಾಮಗಿರಿಯಿಂದ ಓಡಿಹೋದವರು ಕಾಡಿನಲ್ಲಿ ಕಟ್ಟಿಕೊಂಡ ಕಿಲೊಂಬೊ ಎಂಬ ಊರುಗಳಿಗೆ 1988ರ ಸಂವಿಧಾನ ಭೂಮಿಯ ಹಕ್ಕು ಬರೆದುಕೊಟ್ಟಿತು. (ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಸಂತತಿಯೂ ಇರುವ ನಮ್ಮ ಸಿದ್ದಿಗಳಿಗೆ ಈ ಕಥೆ ಹೊಸದೆನಿಸದು.) 2022ರ ಜನಗಣತಿ ಮೊದಲ ಬಾರಿಗೆ ಕಿಲೊಂಬೊ ಜನರನ್ನು ಎಣಿಸಿದಾಗ ಸಿಕ್ಕ ಸಂಖ್ಯೆ 13 ಲಕ್ಷ. ಹಕ್ಕುಪತ್ರ ಸಿಕ್ಕ ನೆಲದಲ್ಲಿ ಬದುಕುತ್ತಿರುವವರು ಅವರಲ್ಲಿ ಶೇ 5ರಷ್ಟೂ ಇಲ್ಲ.

ಸಂಘದಿಂದಾಚೆಯ ಇರುಳರ ಸ್ಥಿತಿ ಇದಕ್ಕಿಂತ ಮೇಲೇನಲ್ಲ. ಹಾವಿನ ಆದಾಯ ಮುಟ್ಟುವುದು ಕೆಲವೇ ನೂರು ಮನೆಗಳನ್ನು. ಉಳಿದವರು ತಿರುವಳ್ಳೂರು, ಕಾಂಚೀಪುರದ ಕಡೆ ಇಟ್ಟಿಗೆ ಗೂಡು, ಅಕ್ಕಿ ಗಿರಣಿ, ಮರ ಕಡಿಯುವ ಗುಂಪುಗಳಲ್ಲಿ ಮುಂಗಡದ ಸಾಲಕ್ಕೆ ಸಿಕ್ಕಿಕೊಂಡವರು. ಜೀತದಿಂದ ಬಿಡಿಸಿದ ಸುದ್ದಿಗಳಲ್ಲಿ ಈ ಸಮುದಾಯದ ಹೆಸರು ಮತ್ತೆ ಮತ್ತೆ ಬರುತ್ತದೆ. ಕೆರೆ ಏರಿಯ ಪಕ್ಕದ ಪೊರಂಬೋಕು ಎಂಬ ಸರ್ಕಾರಿ ಜಾಗದಲ್ಲಿ ಗುಡಿಸಲು, ಪಟ್ಟಾ ಇಲ್ಲ. ಮಕ್ಕಳಿಗೆ ಶಾಲೆಯಲ್ಲಿ ಕೇಳುವ ಜಾತಿ ಪ್ರಮಾಣಪತ್ರಕ್ಕೆ ಕಚೇರಿಯಿಂದ ಕಚೇರಿಗೆ ಅಲೆದಾಟ. 2021ರಲ್ಲಿ ‘ಜೈ ಭೀಮ್’ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರಿಗೆ ಇದರ ಒಂದು ತುಣುಕು ಗೊತ್ತು. ವರ್ಷಕ್ಕೊಮ್ಮೆ ಮಾಸಿ ತಿಂಗಳ ಹುಣ್ಣಿಮೆಗೆ ಮಾತ್ರ ಇಡೀ ಸಮುದಾಯ ಮಹಾಬಲಿಪುರದ ಕಡಲ ದಂಡೆಯಲ್ಲಿ ಸೇರಿ ಕನ್ನಿಯಮ್ಮನನ್ನು ಪೂಜಿಸುತ್ತದೆ. ಅಂದು ಎಣಿಸಿದರೆ ಇವರೆಷ್ಟು ಜನ ಎಂದು ಕಣ್ಣಿಗೆ ಕಾಣುತ್ತದೆ.

ಗಡಿ ದಾಟಿ ಈಚೆ ಬಂದರೆ ಅದೇ ಮೂಲದ ಇರುಳಿಗರು ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳ ಬುಡದಲ್ಲಿದ್ದಾರೆ. ತಮಿಳುನಾಡಿನಲ್ಲಿ ಇರುಳರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಆ ಪಟ್ಟಿಗೆ ಜೇನುಕುರುಬರು ಮತ್ತು ಕೊರಗರು ಮಾತ್ರ ಸೇರಿದ್ದಾರೆ. ಕಾಡಿನಿಂದ ಹೊರಬಿದ್ದ ಇರುಳಿಗರು 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಇನ್ನೂ ಕಾಯುತ್ತಿದ್ದಾರೆ.

ಇತ್ತ ವಿಜ್ಞಾನವೂ ಹೊಸ ಪ್ರಶ್ನೆ ಎತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ, ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ, ಒಂದೆಡೆಯ ವಿಷದಿಂದ ಮಾಡಿದ ಪ್ರತಿವಿಷ ಎಲ್ಲೆಡೆ ಸಮನಾಗಿ ಕೆಲಸ ಮಾಡುವುದಿಲ್ಲ ಎಂದು ತೋರಿಸಿದೆ. ವಿಟಾಲ್ ಬ್ರೆಜಿಲ್ ನೂರು ವರ್ಷಕ್ಕೂ ಹಿಂದೆ ಹೇಳಿದ ಮಾತಿನ ಮುಂದುವರಿಕೆ ಇದು. ಹಾಗಾದರೆ ಬೇರೆ ರಾಜ್ಯಗಳಲ್ಲೂ ವಿಷ ಸಂಗ್ರಹಿಸಬೇಕು, ಅಲ್ಲೆಲ್ಲ ಹಾವು ಹಿಡಿಯುವವರು ಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲಿ ಮೊದಲು ಹಾಗೆ ಮಾಡಿದ ರಾಜ್ಯ ನಮ್ಮದು. ಮುಂದಿನ ಹೆಜ್ಜೆಯನ್ನೂ ಇಲ್ಲಿಯೇ ಇಡಬಹುದು. ವಿಷ ಸಂಗ್ರಹ ಕೇಂದ್ರ ಮಾಡುವುದಾದರೆ ಅದನ್ನು ಕಂಪನಿಯ ಕೈಗೆ ಕೊಡದೆ, ಹಾವಿನ ಜಾಡು ಬಲ್ಲ ಸಮುದಾಯಗಳ ಸಹಕಾರ ಸಂಘಕ್ಕೆ ಕೊಡಿ. ಪರವಾನಗಿ ಐದು ವರ್ಷಕ್ಕೊಮ್ಮೆ ಸಾಕು, ವರ್ಷವರ್ಷ ಬೇಡ. ವಿಷದ ಬೆಲೆ ಗೊತ್ತುಮಾಡುವಾಗ ಹಿಡಿದವರೂ ಎದುರಿಗೆ ಕುಳಿತಿರಲಿ. ಪದ್ಮಶ್ರೀ ಕೊಟ್ಟ ಸರ್ಕಾರಗಳು ಅವರ ಗುಡಿಸಲು ನಿಂತ ನೆಲಕ್ಕೆ ಪಟ್ಟಾವನ್ನೂ ಕೊಡಲಿ.