ಮೊದಲು ಮಾತ್ರೆಗಳ ಪಟ್ಟಿ ನೋಡಿ

ಲೂಯಿ ಬಾಡಿ ಡಿಮೆನ್ಷಿಯಾ ಇರುವ ತಂದೆಗೋ ತಾಯಿಗೋ ಹೊಸದೊಂದು ತೊಂದರೆ ಶುರುವಾದರೆ ಮನೆಯವರ ಬಾಯಿಗೆ ಮೊದಲು ಬರುವ ಪ್ರಶ್ನೆ, ಇದಕ್ಕೆ ಯಾವ ಮಾತ್ರೆ ಕೊಡಬೇಕು ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈಗ ಕೊಡುತ್ತಿರುವ ಯಾವ ಮಾತ್ರೆಯಿಂದ ಇದು ಬಂದಿರಬಹುದು? ಬೇರೆ ಕಾಯಿಲೆಗಳಲ್ಲೂ ಹೀಗೆ ಕೇಳುವುದು ಒಳ್ಳೆಯದೇ. ಈ ಕಾಯಿಲೆಯಲ್ಲಿ ಕೇಳದೆ ಹೋದರೆ ಜೀವಕ್ಕೇ ಕುತ್ತು ಬರಬಹುದು. ನಿನ್ನೆಯವರೆಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಿದ್ದವರು ಇಂದು ಕೊರಡಿನಂತೆ ಬಿಗಿದು ಮಲಗಿದ್ದರೆ, ವಯಸ್ಸಾಯಿತು, ಕಾಯಿಲೆ ಬಲಿಯಿತು ಎಂದು ಸುಮ್ಮನಾಗಬಾರದು. ಕಾಯಿಲೆ ಒಂದೇ ರಾತ್ರಿಯಲ್ಲಿ ಅಷ್ಟು ಬಲಿಯುವುದಿಲ್ಲ. ಸೋಂಕೋ ಔಷಧವೋ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು.

ಹೀಗೇಕೆ ಎಂದು ತಿಳಿಯಲು ಮಿದುಳಿನೊಳಗಿನ ಸಂಗತಿಯನ್ನು ಸ್ವಲ್ಪ ನೋಡಬೇಕು. ಜರ್ಮನಿಯ ವೈದ್ಯ ಫ್ರೆಡ್ರಿಕ್ ಲೂಯಿ 1912ರಲ್ಲಿ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಜೀವಕೋಶಗಳಲ್ಲಿ ಸಣ್ಣ ಸಣ್ಣ ಉಂಡೆಗಳಿರುವುದನ್ನು ವಿವರಿಸಿದರು. ಅವು ಮುಖ್ಯವಾಗಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನಿನಿಂದ ಆದವು ಎಂಬುದು ಗೊತ್ತಾದದ್ದು 1997ರಲ್ಲಿ. ಅದೇ ಉಂಡೆಗಳು ಕಾಣುವ ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಎರಡು ರಾಸಾಯನಿಕಗಳು ಒಟ್ಟಿಗೆ ಕುಸಿಯುತ್ತವೆ. ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ಒಂದು, ಗಮನಕ್ಕೂ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ಇನ್ನೊಂದು. ಆದ್ದರಿಂದಲೇ ಇಲ್ಲಿ ಆಲ್ಜೈಮರ್‌ನಂತೆ ಮರೆವೇ ಮೊದಲು ಬರಬೇಕೆಂದಿಲ್ಲ. ಬೆಳಿಗ್ಗೆ ಪೇಪರ್ ಓದಿದವರು ಮಧ್ಯಾಹ್ನ ಮಂಕಾಗಿ ಕೂರುತ್ತಾರೆ, ಕೋಣೆಯ ಮೂಲೆಯಲ್ಲಿ ಮಕ್ಕಳೋ ಬೆಕ್ಕೋ ಇದೆ ಎನ್ನುತ್ತಾರೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುತ್ತಾರೆ, ಹೆಜ್ಜೆ ಎಳೆಯುತ್ತಾ ನಡೆಯುತ್ತಾರೆ. ನಡಿಗೆ ಸುಧಾರಿಸಲೆಂದು ಡೋಪಮಿನ್ ಕೊರತೆ ತುಂಬುವ ಲೆವೊಡೋಪಾ ಹೆಚ್ಚಿಸಿದರೆ ಇಲ್ಲದ್ದು ಕಾಣುವುದು ಹೆಚ್ಚಬಹುದು. ಅದನ್ನು ತಡೆಯಲೆಂದು ಡೋಪಮಿನ್ ಕಟ್ಟಿಹಾಕುವ ಔಷಧ ಕೊಟ್ಟರೆ ನಡಿಗೆಯೇ ನಿಂತುಹೋಗಬಹುದು. ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿ ಬಿಗಿಯುವ ಸ್ಥಿತಿ ಇದು.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಇಯಾನ್ ಮೆಕೀತ್ ಮತ್ತು ಅವರ ಜೊತೆಯವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಡೋಪಮಿನ್ ಕಟ್ಟಿಹಾಕಿ ಮನೋವಿಕಾರ ತಡೆಯುವ ಔಷಧ ಪಡೆದ ಇಂಥ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತೀವ್ರ ಪ್ರತಿಕ್ರಿಯೆ ಆಗಿತ್ತು. ಮೈ ಬಿಗಿಯುವುದು, ಎಚ್ಚರ ತಪ್ಪುವುದು, ನುಂಗಲಾಗದಿರುವುದು, ಕೆಲವೊಮ್ಮೆ ವಿಪರೀತ ಜ್ವರ. ಸಾವಿನ ಪ್ರಮಾಣವೂ ಏರಿತ್ತು. ಡಿಮೆನ್ಷಿಯಾ ಇರುವ ವೃದ್ಧರೆಲ್ಲರಿಗೂ ಈ ವರ್ಗದ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ತಲೆಮಾರಿನ ಔಷಧಗಳ ಮೇಲೆ, 2008ರಲ್ಲಿ ಹಳೆಯವುಗಳ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿತು. ಹಳೆಯವುಗಳಲ್ಲಿ ಮುಖ್ಯವಾದದ್ದು ಹ್ಯಾಲೊಪೆರಿಡಾಲ್. ರಾತ್ರಿ ಗಲಾಟೆ ಮಾಡುವ ರೋಗಿಯನ್ನು ಶಾಂತಗೊಳಿಸಲು ಎಮರ್ಜೆನ್ಸಿ ವಾರ್ಡಿನಲ್ಲಿ ಕೈಗೆ ಸುಲಭವಾಗಿ ಸಿಗುವ ಇಂಜೆಕ್ಷನ್ ಅದು.

ಆದರೆ ಅಪಾಯ ಬರುವುದು ಮನೋವೈದ್ಯರ ಚೀಟಿಯಿಂದ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ಅದು ಹೆಚ್ಚಾಗಿ ಇರುವುದು ಗ್ಯಾಸ್ ಮಾತ್ರೆಯ ಸ್ಟ್ರಿಪ್ಪಿನಲ್ಲಿ. ಆ ಸ್ಟ್ರಿಪ್ಪನ್ನು ತಿರುಗಿಸಿ, ಬೇಕಿದ್ದರೆ ಕನ್ನಡಕ ಹಾಕಿಕೊಂಡು, ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಎಂದಿದ್ದರೆ, ಹೊಟ್ಟೆಯುರಿಗೆಂದು ನುಂಗಿಸುತ್ತಿರುವ ಆ ಮಾತ್ರೆ ಡೋಪಮಿನ್‌ಗೆ ಅಡ್ಡ ನಿಲ್ಲುತ್ತದೆ. ಕಾಯಿಲೆಯೇ ಇಲ್ಲದವರಲ್ಲೂ ಇದರಿಂದ ನಡುಕ, ಬಿಗಿತ ಬಂದ ಉದಾಹರಣೆಗಳನ್ನು ಭಾರತದ ನರವೈದ್ಯರು ದಾಖಲಿಸಿದ್ದಾರೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಕೂಡ ಇದೇ ಸಾಲಿನವು. ಇನ್ನು ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೋವಿಗೋ ನಿದ್ದೆಗೋ ಕೊಡುವ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಅಸಿಟೈಲ್‌ಕೋಲಿನ್ನಿನ ಕೆಲಸಕ್ಕೆ ತಡೆಯೊಡ್ಡಿ ಗೊಂದಲ, ಮಲಬದ್ಧತೆ ತರುತ್ತವೆ. ಬಿಪಿ ಮಾತ್ರೆಯದು ಬೇರೆಯೇ ಕತೆ. ಈ ಕಾಯಿಲೆಯಲ್ಲಿ ಅನೇಕರಿಗೆ ಎದ್ದು ನಿಂತಾಗ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ; ಹತ್ತು ವರ್ಷದ ಹಿಂದೆ ಗೊತ್ತುಮಾಡಿದ ಬಿಪಿ ಡೋಸು, ಪ್ರೋಸ್ಟೇಟ್ ಮಾತ್ರೆ, ಲೆವೊಡೋಪಾ ಎಲ್ಲವೂ ಸೇರಿದರೆ ಬೀಳುವ ಅಪಾಯ ಇನ್ನೂ ಹೆಚ್ಚುತ್ತದೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ವೈದ್ಯರಿಗೆ ಹೇಳಲೇಬೇಕು.

ರಾತ್ರಿಯಿಡೀ ಕೂಗಾಡುವವರನ್ನು ನೋಡಿಕೊಳ್ಳುವ ಮಗಳೋ ಸೊಸೆಯೋ ಕೇಳಬಹುದು: ಏನೂ ಕೊಡದೆ ಹೇಗೆ ಇರುವುದು, ನಾವೂ ನಿದ್ದೆ ಮಾಡಬೇಡವೇ? ಅದು ನ್ಯಾಯವಾದ ಪ್ರಶ್ನೆ, ಅದನ್ನು ತಳ್ಳಿಹಾಕುವವರು ಆ ಮನೆಯಲ್ಲಿ ಒಂದು ರಾತ್ರಿ ಕಳೆದಿರುವುದಿಲ್ಲ. ಗಲಾಟೆ ಇದ್ದಕ್ಕಿದ್ದಂತೆ ಹೆಚ್ಚಿದ್ದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ನೋವು ಇವನ್ನು ನೋಡಿಸಿ. ಮೂಲೆಯಲ್ಲಿ ಕಾಣುವ ಮಕ್ಕಳಿಂದ ಅಮ್ಮನಿಗೆ ಭಯವಿಲ್ಲದಿದ್ದರೆ ಅದಕ್ಕೆ ಔಷಧವೇ ಬೇಡ; ದೀಪ ಹಾಕಿ, ಹೌದಮ್ಮ ಎಂದು ಪಕ್ಕ ಕೂತರೆ ಸಾಕು. ಔಷಧ ಬೇಕೇಬೇಕು ಎಂದಾದರೆ ರಿವಾಸ್ಟಿಗ್ಮಿನ್‌ನಂಥದ್ದು ಇದೆ. ಭ್ರಮೆಯನ್ನೂ ನಡವಳಿಕೆಯ ತೊಂದರೆಯನ್ನೂ ಅದು ತಗ್ಗಿಸುತ್ತದೆ ಎಂದು 2000ದಲ್ಲಿ ಪ್ರಕಟವಾದ ಪ್ರಯೋಗವೇ ತೋರಿಸಿತ್ತು. ಅದಕ್ಕೂ ವಾಕರಿಕೆ, ತೂಕ ಇಳಿಯುವುದು, ನಾಡಿ ನಿಧಾನವಾಗುವುದು ಎಂಬ ಅಡ್ಡಪರಿಣಾಮಗಳಿವೆ. ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ ಹೊಟ್ಟೆಯ ತೊಂದರೆ ಕಡಿಮೆ. ಬೆನ್ನಿನ ಮೇಲ್ಭಾಗದಲ್ಲಿ ಅವರ ಕೈಗೆ ಎಟುಕದ ಕಡೆ ಅಂಟಿಸಿ, ಮರುದಿನ ಹಳೆಯದನ್ನು ಕಿತ್ತ ಮೇಲೆಯೇ ಹೊಸದನ್ನು ಬೇರೆ ಜಾಗದಲ್ಲಿ ಹಾಕಬೇಕು. ಹಳೆಯದನ್ನು ಮರೆತು ಎರಡು ಉಳಿದರೆ ಡೋಸು ಮಿತಿಮೀರುತ್ತದೆ. ಇದರಿಂದಲೂ ಸಾಲದೆ ಹೋದಾಗ ಕೆಲವು ವೈದ್ಯರು ಮನೋವಿಕಾರ ತಡೆಯುವ ವರ್ಗದ್ದೇ ಆದ ಕ್ವೆಟಿಯಾಪಿನ್ ಅನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡುವುದುಂಟು. ಅದು ಹತ್ತಿರದಿಂದ ಗಮನಿಸುತ್ತಾ ಮಾಡಬೇಕಾದ ಕೆಲಸ.

ಹಾಗಾದರೆ ಎಲ್ಲ ಮಾತ್ರೆಯನ್ನೂ ನಿಲ್ಲಿಸಿಬಿಡೋಣ ಎಂದು ಹೊರಡುವುದೂ ಅಷ್ಟೇ ಅಪಾಯ. ಲೆವೊಡೋಪಾ ಥಟ್ಟನೆ ನಿಲ್ಲಿಸಿದರೆ ಮೈ ಬಿಗಿದು ಜ್ವರ ಏರಬಹುದು, ರಿವಾಸ್ಟಿಗ್ಮಿನ್ ಥಟ್ಟನೆ ನಿಲ್ಲಿಸಿದರೆ ಗೊಂದಲ ಹೆಚ್ಚಬಹುದು. ವೈದ್ಯರನ್ನು ಕೇಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರಿಣಾಮ ನೋಡಿ ಮುಂದಿನ ಹೆಜ್ಜೆ ಇಡಬೇಕು. ಡಾಕ್ಟರಿಗೆ ಗೊತ್ತಿರುವುದಿಲ್ಲವೇ, ನಾವು ಕೇಳಿದರೆ ಬೇಜಾರಾಗುವುದಿಲ್ಲವೇ ಎಂಬ ಸಂಕೋಚ ಬಹಳ ಜನರಿಗಿದೆ. ಹೃದಯದ ಡಾಕ್ಟರು, ಮೂತ್ರದ ಡಾಕ್ಟರು, ಊರಿನ ಫಿಸಿಷಿಯನ್ ಮೂವರೂ ತಮ್ಮ ತಮ್ಮ ಚೀಟಿ ಬರೆದಿರುತ್ತಾರೆ. ಮೆಡಿಕಲ್ ಶಾಪಿನಿಂದ ನಾವೇ ತಂದದ್ದು ಯಾರ ಚೀಟಿಯಲ್ಲೂ ಇರುವುದಿಲ್ಲ. ಎಲ್ಲವೂ ಒಂದೇ ಕಡೆ ಸೇರುವುದು ಮನೆಯ ಡಬ್ಬಿಯಲ್ಲಿ. ಆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, ಇದರಲ್ಲಿ ಯಾವುದನ್ನು ಬಿಡಬಹುದು ಎಂದು ಕೇಳಿ. ಹಾಗೆಯೇ ಒಂದು ರಟ್ಟಿನ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ: ಲೂಯಿ ಬಾಡಿ ಡಿಮೆನ್ಷಿಯಾ ಇದೆ, ಹ್ಯಾಲೊಪೆರಿಡಾಲ್ ಕೊಡಬೇಡಿ, ಮೆಟೊಕ್ಲೊಪ್ರಮೈಡ್ ಕೊಡಬೇಡಿ. ಅದನ್ನು ಆಧಾರ್ ಕಾರ್ಡಿನ ಜೊತೆಗೇ ಇಡಿ, ಒಂದು ಫೋಟೊ ತೆಗೆದು ಮನೆಯ ಎಲ್ಲರ ಫೋನಿಗೂ ಕಳಿಸಿ. ರಾತ್ರಿ ಆಂಬುಲೆನ್ಸ್ ಬಂದಾಗ ಹುಡುಕಲು ಸಮಯವಿರುವುದಿಲ್ಲ; ಇವತ್ತೇ ಬರೆದಿಡಿ.