ಮುಖಲೇಪದ ಮೇಲಿನ ಅಂಕಿ

ಕಾಳೀನದಿಯ ತಟದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ವಿಕಿರಣವಲಯವನ್ನು ಹೊಗುವ ಕೆಲಸಗಾರನ ಎದೆಯ ಮೇಲೆ, ಅವನಿಗೆ ತಗಲಿದ ವಿಕಿರಣವನ್ನು ಅಳೆಯುವ ಪುಟ್ಟ ಮಾಪಕವೊಂದು ಇದ್ದೇ ಇರುತ್ತದೆ. ಅವನ ಮಡದಿಯು ಅಂಕೋಲೆಯ ಸಂತೆಗೆ ಹೊರಟಾಗ ಮುಖದ ಮೇಲೆರಗುವ ಸೂರ್ಯನ ಅತಿನೇರಳೆ ಕಿರಣಗಳಿಗೆ ಮಾತ್ರ ಅಂತಹ ಮಾಪಕವಿಲ್ಲ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲಿನ ಅಂತ್ಯದಲ್ಲೊಮ್ಮೆ, ಆಗಸ್ಟಿನ ನಡುವಿನಲ್ಲೊಮ್ಮೆ, ನೆತ್ತಿಗೆ ಸರಿಯಾಗಿ ನಿಲ್ಲುತ್ತಾನೆ. ಆಗಸ್ಟಿನಲ್ಲಿ ಮಳೆಮುಗಿಲಾದರೂ ಅಡ್ಡಬರುವುದು, ಏಪ್ರಿಲಿನಲ್ಲಿ ಆ ಕೃಪೆಯೂ ಇಲ್ಲ. ಆದುದರಿಂದ, ಬಿಸಿಲಿನ ರಕ್ಷಣೆಯನ್ನೂ ಚರ್ಮದ ಪೋಷಣೆಯನ್ನೂ ಒಂದೇ ಕೊಳವೆಯಲ್ಲಿ ತುಂಬಿ ಕೊಡುವೆನೆನ್ನುವ ಫೌಂಡೇಶನ್ನಿಗೆ ಗಿರಾಕಿಗಳು ದೊರೆಯುವುದು ಸಹಜವೇ.

ಕೊಳವೆಯ ಮೇಲಿನ ಎಸ್‌ಪಿಎಫ್ 30 ಎಂಬ ಅಂಕಿಯು ಪ್ರಯೋಗಶಾಲೆಯ ಕೂಸು. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪವನ್ನು ಹಚ್ಚಿ, ಚರ್ಮವು ಕೆಂಪಡರುವುದಕ್ಕೆ ಬೇಕಾಗುವ ಕಿರಣದ ಪ್ರಮಾಣ ಎಷ್ಟು ಪಟ್ಟು ಏರಿತೆಂದು ನೋಡಿ ಅದನ್ನು ನಿರ್ಣಯಿಸುತ್ತಾರೆ. ಆ ಲೆಕ್ಕಕ್ಕೆ ಮುಖವೊಂದಕ್ಕೇ ಒಂದು ಗ್ರಾಮಿಗೆ ಮೇಲ್ಪಟ್ಟು ಲೇಪ ಬೇಕು. ಅಷ್ಟನ್ನು ಬಳಿದುಕೊಂಡವಳು ಯಕ್ಷಗಾನದ ಚೌಕಿಯಿಂದ ಎದ್ದುಬಂದಂತೆ ಕಂಡಾಳು. ಜನರು ಹಚ್ಚುವುದು ಅದರ ಅಲ್ಪಾಂಶವನ್ನು. ದೊರೆಯುವ ರಕ್ಷಣೆಯೂ ಅದರೊಡನೆ ಕುಗ್ಗುತ್ತದೆ.

ಇನ್ನು ಪೋಷಕದ್ರವ್ಯಗಳು. ನಮ್ಮ ದೇಶದ ನಿಯಮದಂತೆ ಘಟಕಗಳ ಹೆಸರನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಅಚ್ಚುಹಾಕಬೇಕು. ಶೇಕಡಾ 1ನ್ನು ಮೀರದವನ್ನು ಮಾತ್ರ ಕೊನೆಯಲ್ಲಿ ಮನಬಂದಂತೆ ಜೋಡಿಸಬಹುದು. ಲೇಪವು ಕೆಡದಂತೆ ಕಾಯುವ ಫಿನಾಕ್ಸಿಎಥನಾಲಿಗೆ ಶೇಕಡಾ 1 ಮಿತಿಯಿರುವುದರಿಂದ, ಅದರ ಕೆಳಗೆ ಬರುವ ಯಾವ ಹೆಸರೂ ಆ ಪ್ರಮಾಣವನ್ನು ದಾಟದು. ಶೇಕಡಾ 2ರಿಂದ 5ರ ಪ್ರಮಾಣದಲ್ಲಿ ಪರೀಕ್ಷೆಗೊಳಗಾಗಿ ಹೆಸರು ಪಡೆದ ನಿಯಾಸಿನಮೈಡ್ ಅಲ್ಲಿ ಕುಳಿತಿದ್ದರೆ, ಅದು ಇರುವುದು ಜಾಹೀರಾತಿನ ಸಲುವಾಗಿಯೇ ಎಂದು ನನ್ನ ಅನುಮಾನ. ನೀರನ್ನು ಹಿಡಿದಿಡುವ ಹಯಲುರಾನಿಕ್ ಆಮ್ಲವು ಅಲ್ಪಪ್ರಮಾಣದಲ್ಲಿಯೂ ಕೆಲಸಮಾಡುತ್ತದೆ, ನಿಜ. ಆದರೆ ಕಾರವಾರದ ಬೆವರುಸೆಕೆಯಲ್ಲಿ ಅದರ ಹಂಗು ಎಷ್ಟರದು!

ವಿಚಿತ್ರವೆಂದರೆ, ಯಾರೂ ಔಷಧವೆಂದು ಎಣಿಸದ ಬಣ್ಣವೇ ಇಲ್ಲಿ ಹೆಚ್ಚು ಉಪಕಾರಿ. ಕರಾವಳಿಯ ಚಿರೇಕಲ್ಲಿಗೆ ಕೆಂಪನ್ನಿತ್ತ ಕಬ್ಬಿಣದ ಆಕ್ಸೈಡುಗಳೇ ಫೌಂಡೇಶನ್ನಿಗೂ ಕಂದುಬಣ್ಣವನ್ನು ಕೊಡುವುದು. ಅವು ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವನ್ನು ತಡೆಯುತ್ತವೆ. ನಮ್ಮಂತಹ ಕಂದುಚರ್ಮದವರಲ್ಲಿ ಬಂಗನ್ನು ಕೆರಳಿಸುವುದರಲ್ಲಿ ಆ ಬೆಳಕಿನ ಪಾಲೂ ಉಂಟು. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಹೀಗಾಗಿ ಮೊದಲು ಸನ್‌ಸ್ಕ್ರೀನನ್ನು ಧಾರಾಳವಾಗಿ ಹಚ್ಚಿ, ಅದರ ಮೇಲೆ ಫೌಂಡೇಶನ್ ಲೇಪಿಸುವವಳ ಮಟ್ಟಿಗೆ, ಕೊಳವೆಯ ಮೇಲಿನ ಅಂಕಿ 15 ಇದ್ದರೇನು, 30 ಇದ್ದರೇನು?