ಕಬ್ಬಿನ ಸಿಪ್ಪೆ, ಕಲ್ಲಿದ್ದಲು ಮತ್ತು ಒಂದು ‘ಆ್ಯಂಡ್’

ಪುಣೆಯಲ್ಲಿ ನಾನು ಕೆಲಸ ಮಾಡುವ ಕಂಪನಿ ಕಾರ್ಖಾನೆಗಳ ವಿದ್ಯುತ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತದೆ. ಇಂಧನಗಳ ಪಟ್ಟಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ‘ಬಯೋಮಾಸ್’ ಅಂದರೆ ಏನೇನು ಎಂದು ತಿಳಿಯಲು ಕಾನೂನನ್ನೇ ಓದಬೇಕಾಯಿತು.

ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2009ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ಮಹಾರಾಷ್ಟ್ರದ ಆಯೋಗ ಮರುವರ್ಷ ಹೆಚ್ಚುಕಡಿಮೆ ಹಾಗೇ ತೆಗೆದುಕೊಂಡಿತು. ಕೃಷಿ, ಅರಣ್ಯ ಕೆಲಸಗಳಲ್ಲಿ ಉಳಿಯುವ ಹುಲ್ಲು, ದಂಟು; ಸಂಸ್ಕರಣೆಯಲ್ಲಿ ಸಿಗುವ ಹೊಟ್ಟು, ಚಿಪ್ಪು, ಹಿಂಡಿ. ಕಟ್ಟಿಗೆಗೆ ಮಾತ್ರ ಷರತ್ತು: ಇಂಧನಕ್ಕೆಂದೇ ಬೆಳೆಸಿದ್ದು, ಕಾಡುಪೊದೆ, ಕಳೆಗಳದ್ದು ಅಥವಾ ಕೈಗಾರಿಕೆಯಲ್ಲಿ ಉಳಿದ ಚೂರು. 2009ರ ಆ ನಿಯಮದಲ್ಲಿ ಬಯೋಮಾಸ್ ಸ್ಥಾವರ ವರ್ಷಕ್ಕೆ ಶೇ 15ರಷ್ಟು ಕಲ್ಲಿದ್ದಲಿನಂಥ ಇಂಧನ ಬಳಸಲೂ ಅವಕಾಶವಿತ್ತು.

ತಲೆ ಕೆಡಿಸಿದ್ದು ಕೋಜನರೇಷನ್. ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಸುಟ್ಟು, ಅದೇ ಹಬೆಯಲ್ಲಿ ಟರ್ಬೈನ್ ತಿರುಗಿಸಿ, ರಸವನ್ನೂ ಕುದಿಸುತ್ತದೆ. ಇದೇ ಕೆಲಸ ಕಲ್ಲಿದ್ದಲಿನಿಂದಲೂ ಆಗುತ್ತದೆ. 2003ರ ವಿದ್ಯುತ್ ಕಾಯ್ದೆಯ 86(1)(ಇ) ಪ್ರಕಾರ ರಾಜ್ಯ ಆಯೋಗ ಕೋಜನರೇಷನ್ ‘ಆ್ಯಂಡ್’ ನವೀಕರಿಸಬಹುದಾದ ಮೂಲಗಳ ವಿದ್ಯುತ್ತನ್ನು ಉತ್ತೇಜಿಸಬೇಕು. ‘ಅಂಥ ಮೂಲ’ಗಳಿಂದ ಇಂತಿಷ್ಟು ಶೇಕಡಾ ಖರೀದಿ ಆಗಲೇಬೇಕೆಂದು ನಿಗದಿ ಮಾಡಬೇಕು. ಕೋಡ್ ಬರೆಯುವವರು ಕೇಳುವ ಪ್ರಶ್ನೆ ಒಂದೇ: ಬ್ರಾಕೆಟ್ ಎಲ್ಲಿದೆ? ‘ನವೀಕರಿಸಬಹುದಾದ’ ಎಂಬ ಮಾತು ಎರಡಕ್ಕೂ ಸೇರಿದ್ದೋ, ಎರಡನೆಯದಕ್ಕೆ ಮಾತ್ರವೋ?

ಸೆಂಚುರಿ ರೇಯಾನ್ ಪ್ರಕರಣದಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ 2010ರಲ್ಲಿ ಹೇಳಿತು: ಎರಡೂ ಬೇರೆ ಬೇರೆ, ಯಾವ ಇಂಧನದ ಕೋಜನರೇಷನ್ ಆದರೂ ಉತ್ತೇಜನಕ್ಕೆ ಅರ್ಹ. ಹಾಗಾದರೆ ವಿತರಣಾ ಕಂಪನಿ ಕಲ್ಲಿದ್ದಲಿನ ಕೋಜನರೇಷನ್ ವಿದ್ಯುತ್ ಕೊಂಡು ತನ್ನ ಕೋಟಾ ತುಂಬಿಸಬಹುದೇ? 2013ರಲ್ಲಿ ಲಾಯ್ಡ್ಸ್ ಮೆಟಲ್ಸ್ ಪ್ರಕರಣದಲ್ಲಿ ಪೂರ್ಣ ಪೀಠ ಇಲ್ಲ ಎಂದಿತು. ಉತ್ತೇಜನ ಇರಲಿ, ಕೋಟಾ ಮಾತ್ರ ನವೀಕರಿಸಬಹುದಾದ ಮೂಲದಿಂದಲೇ ಬರಬೇಕು. ನನಗೆ ಇದೇ ಸರಿ ಅನಿಸುತ್ತದೆ. ಕಲ್ಲಿದ್ದಲಿಗೂ ಅಂಕ ಸಿಕ್ಕರೆ ಸಿಪ್ಪೆ, ಹೊಟ್ಟಿನ ವಿದ್ಯುತ್ ಕೇಳುವವರು ಯಾರು?

ಕಾನೂನಿನ ‘ತ್ಯಾಜ್ಯ’ ಎಂಬ ಪದದ ಬಗ್ಗೆ ಮಾತ್ರ ನನ್ನ ತಕರಾರಿದೆ. ನಮ್ಮ ವಿಜಯಪುರದ ಕಡೆ ಹತ್ತಿಕಟ್ಟಿಗೆಯನ್ನು ಬೇಕಾದರೆ ಹಾಗೆ ಕರೆಯಿರಿ, ಅದೂ ಎಷ್ಟೋ ಮನೆಗಳ ಒಲೆಗೆ ಬೇಕು. ಜೋಳದ ದಂಟು ಹಾಗಲ್ಲ, ಅದು ಕಣಿಕೆ, ಎತ್ತಿನ ಮೇವು. ಮಳೆ ಕೈಕೊಟ್ಟ ವರ್ಷ ಬಣವೆ ಇದ್ದವನ ದನ ಉಳಿಯುತ್ತವೆ, ಇಲ್ಲದವನ ದನ ಸಂತೆಗೆ ಹೋಗುತ್ತವೆ. ವ್ಯಾಖ್ಯೆಯಲ್ಲಿ ಕಣಿಕೆಗೂ ಹೊಟ್ಟಿಗೂ ವ್ಯತ್ಯಾಸವೇ ಇಲ್ಲ.